ನೀಟ್ ಸಿಗದವರ ಸೀಟಲ್ಲ ನರ್ಸಿಂಗ್

ಕಳೆದ ನವೆಂಬರ್‌ನಲ್ಲಿ ನಮ್ಮ ಸಭಾಂಗಣದಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರ ನಡೆದದ್ದು ದ್ವಿತೀಯ ಪಿಯುಸಿಯವರಿಗೆಲ್ಲ ನೆನಪಿರಬಹುದು. ಬಂದಿದ್ದ ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿಯೇ ಮಾತನಾಡಿದರು. ಡಾಕ್ಟರ್ ಆಗುವವರು ಕೈ ಎತ್ತಿ ಎಂದರು, ಅರ್ಧ ಸಭಾಂಗಣ ಕೈ ಎತ್ತಿತು. ಎಂಜಿನಿಯರ್, ಸಿಎ, ಐಎಎಸ್ ಎಂದಾಗಲೂ ಅಲ್ಲಲ್ಲಿ ಕೈಗಳು ಮೇಲೆದ್ದವು. ಕೊನೆಗೆ ಅವರು ನಗುತ್ತಾ, "ಹೆದರಬೇಡಿ, ಏನೂ ಆಗದಿದ್ದರೆ ನರ್ಸಿಂಗ್ ಇದ್ದೇ ಇದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ದಿನ ಸಂಜೆ ಮನೆಗೆ ಹೋದಾಗ ನನ್ನ ಅಕ್ಕ ಅಡುಗೆಮನೆಯ ಮಣೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಹಿಂದಿನ ರಾತ್ರಿ ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದವಳು, ಮತ್ತೆ ಆ ರಾತ್ರಿ ಹೊರಡಬೇಕಿತ್ತು. ಅವಳು ನಗರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್. "ಇವತ್ತು ಕಾಲೇಜಿನಲ್ಲಿ ಏನಿತ್ತು?" ಎಂದು ಎಂದಿನಂತೆ ಕೇಳಿದಳು. ನಾನು ಶಿಬಿರದ ವಿಷಯ ಹೇಳಿದೆ, ಆದರೆ ಕೊನೆಯ ಮಾತನ್ನೂ ಆ ನಗುವನ್ನೂ ಹೇಳಲಿಲ್ಲ. ಅಂದಿನಿಂದ ಆ ನಗು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಲೇಖನ ಬರೆಯಲು ಅದೇ ಕಾರಣ.

ನಾವು ಯಾಕೆ ನಕ್ಕೆವು ಎಂದು ಯೋಚಿಸಿದ್ದೇನೆ. ನರ್ಸ್ ಎಂದರೆ ನಮ್ಮ ಕಣ್ಣಿಗೆ ಕಾಣುವುದು ಇಂಜೆಕ್ಷನ್ ಕೊಡುವವರು, ಗ್ಲುಕೋಸ್ ಬಾಟಲಿ ಬದಲಿಸುವವರು, ಡಾಕ್ಟರ್ ಹೇಳಿದ್ದನ್ನು ಮಾಡುವವರು. ತಲೆ ಡಾಕ್ಟರದ್ದು, ಕೈ ಮಾತ್ರ ನರ್ಸಿನದ್ದು ಎಂಬ ನಂಬಿಕೆ. ಅಕ್ಕ ಇದೇ ಕೆಲಸದಲ್ಲಿದ್ದರೂ ನನ್ನ ನಂಬಿಕೆಯೂ ಬಹುತೇಕ ಹಾಗೆಯೇ ಇತ್ತು. ಹತ್ತಿರದಲ್ಲೇ ಇರುವುದು ನಮಗೆ ಕಾಣುವುದು ತಡವಾಗಿ. ನನಗೆ ಅದು ಕಾಣಲು ಅಜ್ಜಿ ಬೀಳಬೇಕಾಯಿತು.

ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಅಜ್ಜಿಯ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಅಕ್ಕನಿಗೆ ಅವಳದ್ದೇ ಡ್ಯೂಟಿ ಇದ್ದುದರಿಂದ ರಾತ್ರಿ ಜೊತೆಗಿರುವ ಸರದಿ ನನ್ನದು ಮತ್ತು ಉಮ್ಮನದು. ಡಾಕ್ಟರ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಿದ್ದರು. ಒಳ್ಳೆಯವರು, ಆದರೆ ಎರಡೂ ಭೇಟಿ ಸೇರಿದರೆ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅಜ್ಜಿ ಇದ್ದದ್ದು ಸಿಸ್ಟರ್‌ಗಳ ಕಣ್ಣಳತೆಯಲ್ಲಿ. ಆ ವಾರ್ಡಿನಲ್ಲಿ ಮೂವತ್ತು ಮಂಚ. ರಾತ್ರಿ ಡ್ಯೂಟಿಗೆ ಇಬ್ಬರೇ ಸಿಸ್ಟರ್.

ನಾಲ್ಕನೆಯ ರಾತ್ರಿ ಅಜ್ಜಿ ಹೊದಿಕೆಯ ಅಂಚನ್ನು ಮಡಚುವುದು, ಬಿಡಿಸುವುದು ಮಾಡುತ್ತಿದ್ದರು. ಏನೋ ಗೊಣಗುತ್ತಿದ್ದರು. ನಿದ್ದೆಯಲ್ಲಿ ಮಾತಾಡುತ್ತಿದ್ದಾರೆ ಎಂದುಕೊಂಡು ನಾನು ಮಗ್ಗುಲಾದೆ. ಮಾತ್ರೆ ಕೊಡಲು ಬಂದ ಸಿಸ್ಟರ್ ಮಾತ್ರ ಅಲ್ಲಿಯೇ ನಿಂತರು. ಅಜ್ಜಿಯ ಹೆಸರು ಕರೆದು, ಇದು ಯಾವ ಊರು ಎಂದು ಕೇಳಿದರು. ಅಜ್ಜಿ ತಮ್ಮ ತವರಿನ ಹೆಸರು ಹೇಳಿದರು. ಸಿಸ್ಟರ್ ಕೈಗಡಿಯಾರ ನೋಡುತ್ತಾ ಒಂದು ಪೂರ್ತಿ ನಿಮಿಷ ಅಜ್ಜಿಯ ಎದೆಯನ್ನೇ ನೋಡಿ ಉಸಿರು ಎಣಿಸಿದರು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದರು. ಆಮೇಲೆ ಫೋನ್ ಎತ್ತಿ ಡ್ಯೂಟಿ ಡಾಕ್ಟರನ್ನು ಕರೆದರು. ಆ ಕಡೆಯಿಂದ ಬೆಳಿಗ್ಗೆ ನೋಡೋಣ ಎಂಬಂಥ ಉತ್ತರ ಬಂದಿರಬೇಕು. ಸಿಸ್ಟರ್ ದನಿ ಏರಿಸಲಿಲ್ಲ. ಉಸಿರಾಟ ಇಷ್ಟು, ಆಕ್ಸಿಜನ್ ಇಷ್ಟು, ಸಂಜೆ ಸರಿಯಾಗಿ ಮಾತಾಡುತ್ತಿದ್ದವರು ಈಗ ಗೊಂದಲದಲ್ಲಿದ್ದಾರೆ, ನೀವು ಈಗಲೇ ಬರಬೇಕು ಎಂದರು. ಡಾಕ್ಟರ್ ಬಂದರು. ಶ್ವಾಸಕೋಶದಲ್ಲಿ ಸೋಂಕು ಶುರುವಾಗಿತ್ತು. ಆ ರಾತ್ರಿಯೇ ಔಷಧ ಆರಂಭವಾಯಿತು.

ಮರುದಿನ ನಾನು ಆ ಸಿಸ್ಟರ್ ಹತ್ತಿರ, "ಯಂತ್ರ ಇರುವಾಗ ನೀವು ಉಸಿರು ಎಣಿಸಿದ್ದು ಯಾಕೆ?" ಎಂದು ಕೇಳಿದೆ. "ನಿಮ್ಮ ಅಜ್ಜಿ ನಿನ್ನೆ ಹೇಗಿದ್ದರು ಅಂತ ಯಂತ್ರಕ್ಕೆ ಗೊತ್ತಿಲ್ಲ, ನನಗೆ ಗೊತ್ತಿದೆ" ಎಂದರು. ಆಮೇಲೆ ಪಕ್ಕದ ಮಂಚಕ್ಕೆ ಹೋದರು. ಅಜ್ಜಿ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಗಮನಿಸುವುದು, ಹೋಲಿಸುವುದು, ತೀರ್ಮಾನಕ್ಕೆ ಬರುವುದು, ಆ ತೀರ್ಮಾನಕ್ಕಾಗಿ ಮೇಲಿನವರ ಎದುರು ಗಟ್ಟಿಯಾಗಿ ನಿಲ್ಲುವುದು, ಇವೆಲ್ಲ ಐದೇ ನಿಮಿಷದಲ್ಲಿ ನಡೆದುಹೋದವು. ಇದು ಬರೀ ಕೈಯ ಕೆಲಸ ಎಂದು ಇನ್ನು ನಾನು ಹೇಗೆ ಹೇಳಲಿ?

ಸೃಜನಶೀಲತೆ ಎಂದರೆ ನಮಗೆ ಕವನ, ಚಿತ್ರ, ಮೆಹೆಂದಿ ಸ್ಪರ್ಧೆ ನೆನಪಾಗುತ್ತದೆ. ಆಸ್ಪತ್ರೆಯ ವಾರ್ಡಿನಲ್ಲೂ ಸೃಜನಶೀಲತೆ ಇದೆ. ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ನೀಲಿ ಬೆಳಕಿನ ಕೆಳಗೆ ಮಲಗಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನಮ್ಮ ಮನೆಗಳಲ್ಲೇ ಎಷ್ಟೋ ಮಕ್ಕಳು 'ಪೆಟ್ಟಿಗೆಯಲ್ಲಿ' ಎರಡು ದಿನ ಇದ್ದು ಬಂದವರು. ಈ ಚಿಕಿತ್ಸೆಯ ಮೂಲ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯ ಒಬ್ಬ ನರ್ಸ್ ಎಂದು ನನಗೆ ಇತ್ತೀಚೆಗಷ್ಟೇ ತಿಳಿಯಿತು. ಹೆಸರು ಸಿಸ್ಟರ್ ಜೀನ್ ವಾರ್ಡ್. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಿಭಾಗ ಅವರ ಉಸ್ತುವಾರಿಯಲ್ಲಿತ್ತು. ಬೆಚ್ಚಗಿನ ದಿನಗಳಲ್ಲಿ ಅವರು ಆ ಪುಟ್ಟ ಮಕ್ಕಳನ್ನು ಅಂಗಳಕ್ಕೆ ತಂದು ಗಾಳಿ ಬಿಸಿಲಿಗೆ ಇಡುತ್ತಿದ್ದರು. 1956ರಲ್ಲಿ ಒಂದು ದಿನ ಡಾಕ್ಟರ್‌ಗಳು ರೌಂಡ್ಸ್‌ಗೆ ಬಂದಾಗ ಒಂದು ಮಗುವಿನ ಬಟ್ಟೆ ಸರಿಸಿ ತೋರಿಸಿದರು. ಮಗುವಿನ ಮೈಯೆಲ್ಲ ತಿಳಿಯಾಗಿತ್ತು, ಒಂದು ತ್ರಿಕೋನದಷ್ಟು ಜಾಗ ಮಾತ್ರ ಕಡು ಹಳದಿ. ಏನಾದರೂ ಔಷಧ ಬಳಿದಿದ್ದೀರಾ ಎಂದು ಡಾಕ್ಟರ್ ಕೇಳಿದರಂತೆ. ಬಟ್ಟೆಯ ತುದಿ ಮುಚ್ಚಿದ್ದ ಕಡೆ ಮಾತ್ರ ಕಾಮಾಲೆಯ ಬಣ್ಣ ಉಳಿದಿತ್ತು, ಬಿಸಿಲು ಬಿದ್ದ ಕಡೆ ಹೋಗಿತ್ತು. ಇದನ್ನು ಹಿಡಿದುಕೊಂಡು ಅಲ್ಲಿನ ವೈದ್ಯರು ಪ್ರಯೋಗ ನಡೆಸಿ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ಮೂಲೆ ಮೂಲೆಯಲ್ಲಿ ಮಕ್ಕಳ ಮೆದುಳನ್ನು ಕಾಪಾಡುತ್ತಿರುವ ಚಿಕಿತ್ಸೆ ಹುಟ್ಟಿದ್ದು ಹೀಗೆ.

ಇನ್ನೊಂದು ಉದಾಹರಣೆ ಡೆನ್ಮಾರ್ಕಿನದು. ಎಲಿಸೆ ಸೊರೆನ್ಸೆನ್ ಎಂಬ ನರ್ಸ್‌ನ ತಂಗಿ ಥೋರಾಗೆ ಕರುಳಿನ ಆಪರೇಷನ್ ಆಗಿ, ಹೊಟ್ಟೆಯ ಮೇಲೆ ಮಾಡಿದ ರಂಧ್ರದ ಮೂಲಕವೇ ಮಲ ಹೊರಹೋಗುವಂತಾಯಿತು. ಸೋರಿಕೆ, ವಾಸನೆಗೆ ಹೆದರಿ ಆಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಮೈಗೆ ಅಂಟಿಕೊಳ್ಳುವ, ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲದ ಕಲ್ಪನೆ 1954ರಲ್ಲಿ ಎಲಿಸೆಗೆ ಹೊಳೆಯಿತು. ಅದನ್ನು ಹಿಡಿದುಕೊಂಡು ಪ್ಲಾಸ್ಟಿಕ್ ತಯಾರಕರೊಬ್ಬರ ಬಳಿ ಹೋದರು. ಆತನಿಗೆ ಮೊದಲು ಆಸಕ್ತಿ ಇರಲಿಲ್ಲ. ಆತನ ಹೆಂಡತಿಯೂ ನರ್ಸ್. ಈ ಚೀಲದ ಬೆಲೆ ಏನೆಂದು ಆಕೆಗೆ ತಕ್ಷಣ ಅರ್ಥವಾಯಿತು, ಗಂಡನನ್ನು ಒಪ್ಪಿಸಿದಳು. ಇವತ್ತು ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಎಷ್ಟೋ ಜನ ಅಂಥ ಚೀಲದ ಬಲದಿಂದಲೇ ಕೆಲಸಕ್ಕೆ, ಮದುವೆಗೆ, ಮಸೀದಿಗೆ ಧೈರ್ಯವಾಗಿ ಹೋಗಿಬರುತ್ತಾರೆ.

ಈ ಇಬ್ಬರ ಬಳಿಯೂ ದೊಡ್ಡ ಪ್ರಯೋಗಾಲಯ ಇರಲಿಲ್ಲ. ಇದ್ದದ್ದು ರೋಗಿಯ ಪಕ್ಕದಲ್ಲಿ ನಿಲ್ಲುವ ಅವಕಾಶ ಮತ್ತು ನೋಡಿದ್ದನ್ನು ಹಾಗೆಯೇ ಬಿಟ್ಟುಬಿಡದ ಮನಸ್ಸು. ಆದರೆ ಒಂದು ಷರತ್ತಿದೆ. ಸಿಸ್ಟರ್ ವಾರ್ಡ್ ತೋರಿಸಿದ್ದನ್ನು ಡಾಕ್ಟರ್‌ಗಳು ನೋಡಿದರು. ನರ್ಸ್ ತಾನೇ ಎಂದು ಮುಂದೆ ಹೋಗಿದ್ದರೆ ಆ ತ್ರಿಕೋನ ಮಗುವಿನ ಮೈಯಲ್ಲೇ ಮಾಸಿಹೋಗುತ್ತಿತ್ತು. ನರ್ಸಿನ ಮಾತಿಗೆ ಬೆಲೆ ಇರುವ ಕಡೆ ಮಾತ್ರ ಅವರ ಬುದ್ಧಿಯಿಂದ ಸಮಾಜಕ್ಕೆ ಲಾಭ.

ಇಲ್ಲಿಂದ ನಾಯಕತ್ವದ ವಿಷಯಕ್ಕೆ ಬರುತ್ತೇನೆ. ಫ್ಲಾರೆನ್ಸ್ ನೈಟಿಂಗೇಲ್ ಪಾಠವನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಓದಿದ್ದೇವೆ. ದೀಪ ಹಿಡಿದ ಮಹಿಳೆ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಅವರ ದೊಡ್ಡ ಕೆಲಸ ದೀಪ ಆರಿಸಿದ ಮೇಲೆ ಶುರುವಾಯಿತು ಎಂಬುದನ್ನು ಪಾಠ ಹೇಳುವುದಿಲ್ಲ. 1854ರಲ್ಲಿ ಅವರು 38 ಮಹಿಳೆಯರ ಜೊತೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದರು. ಗಾಯಕ್ಕಿಂತ ಹೆಚ್ಚಾಗಿ ಭೇದಿ, ಕಾಲರಾ, ಟೈಫಸ್‌ನಿಂದ ಸೈನಿಕರು ಸಾಯುತ್ತಿದ್ದರು. ಯುದ್ಧ ಮುಗಿಸಿ ಬಂದ ಮೇಲೆ ಅವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕುಳಿತು ಸಾವಿನ ಲೆಕ್ಕ ತೆಗೆದರು. ಕೊಳಕು ಚರಂಡಿ, ಗಾಳಿಯಾಡದ ಕೋಣೆಗಳೇ ಕಾರಣ ಎಂದು ಲೆಕ್ಕ ಹೇಳಿತು. ತಾವೇ ದುಡಿದ ಆಸ್ಪತ್ರೆಯೂ ಆ ಲೆಕ್ಕದಲ್ಲಿ ತಪ್ಪಿತಸ್ಥನಾಗಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಮಂತ್ರಿಗಳಿಗೆ ಅಂಕಿಗಳನ್ನು ಓದುವ ತಾಳ್ಮೆ ಇರುವುದಿಲ್ಲ ಎಂದು ತಿಳಿದು, ಹೂವಿನ ಎಸಳುಗಳಂತೆ ಕಾಣುವ ಬಣ್ಣದ ನಕ್ಷೆ ಬಿಡಿಸಿ ತೋರಿಸಿದರು. ಸೇನೆಯ ಆಸ್ಪತ್ರೆಗಳ ವ್ಯವಸ್ಥೆ ಬದಲಾಗಲು ಆ ನಕ್ಷೆಗಳೂ ಕಾರಣವಾದವು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ನರ್ಸಿಂಗ್ ಶಾಲೆ ಆರಂಭವಾಯಿತು. ನಮ್ಮ ಸ್ಟಾಟಿಸ್ಟಿಕ್ಸ್ ತರಗತಿಯಲ್ಲಿ 'ಇದೆಲ್ಲ ಯಾಕೆ' ಎಂದು ಬೇಸರಿಸುವ ಗೆಳತಿಯರಿಗೆ ಈ ಕಥೆ ಹೇಳಬೇಕೆನಿಸುತ್ತದೆ. ತನ್ನ ತಪ್ಪನ್ನೂ ಸೇರಿಸಿ ಲೆಕ್ಕ ಒಪ್ಪಿಸುವ ಆ ಧೈರ್ಯವನ್ನೇ ನಾನು ನಾಯಕತ್ವ ಎನ್ನುತ್ತೇನೆ.

ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ಹನ್ನೆರಡು ಶತಮಾನ ಹಿಂದಿನ ಹೆಸರೊಂದಿದೆ, ರುಫೈದಾ ಅಲ್ ಅಸ್ಲಮಿಯಾ (ರ). ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಪ್ರವಾದಿ (ಸ) ಅವರು ಮದೀನಾದ ಮಸೀದಿಯ ಬಳಿ ಇದ್ದ ರುಫೈದಾರ ಡೇರೆಗೆ ಕಳುಹಿಸಿದರು ಎಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಗಾಯಾಳುಗಳ ಆರೈಕೆ ಆ ಡೇರೆಯಲ್ಲಿ ನಡೆಯುತ್ತಿತ್ತು. ಮದ್ರಸದಲ್ಲಿ ಯುದ್ಧದ ಹೆಸರು, ಇಸವಿ ಎಲ್ಲ ಬಾಯಿಪಾಠ ಮಾಡಿದ್ದೇನೆ. ಡೇರೆಯ ಒಡತಿಯ ಹೆಸರು ನನ್ನ ಕಿವಿಗೆ ಬಿದ್ದದ್ದು ಅಕ್ಕನ ಬಾಯಿಂದ. ಅವಳಿಗೆ ಅದು ನರ್ಸಿಂಗ್ ಕಾಲೇಜಿನಲ್ಲಿ ಗೊತ್ತಾಗಿತ್ತು. ಈ ಕೆಲಸ ಹೆಣ್ಣುಮಕ್ಕಳ ಮರ್ಯಾದೆಗೆ ಹೊಂದುವುದೇ ಎಂದು ಇಂದಿಗೂ ಕೇಳುವವರಿಗೆ ಉತ್ತರ ಆ ಡೇರೆಯಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ನಮ್ಮ ಕಾಲದ ಹೆಸರುಗಳೂ ಇವೆ. ಶಾಂತಿ ತೆರೇಸಾ ಲಕ್ರಾ ಅಂಡಮಾನಿನ ಒಬ್ಬ ಎಎನ್‌ಎಂ, ಅಂದರೆ ನಮ್ಮ ಉಪಕೇಂದ್ರಗಳಲ್ಲಿ ಕಾಣುವ ಕಿರಿಯ ಆರೋಗ್ಯ ಸಹಾಯಕಿ. ಲಿಟಲ್ ಅಂಡಮಾನಿನ ಡುಗಾಂಗ್ ಕ್ರೀಕ್ ಎಂಬಲ್ಲಿ, ನೂರರ ಆಸುಪಾಸಿನಲ್ಲಷ್ಟೇ ಉಳಿದಿರುವ ಓಂಗೆ ಬುಡಕಟ್ಟಿನ ನಡುವೆ ಕೆಲಸ ಮಾಡಿದರು. 2004ರ ಸುನಾಮಿಯ ನಂತರವೂ ಆ ಜನರ ಜೊತೆಗೇ ಉಳಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಡಾಕ್ಟರ್ ಸುಲಭದಲ್ಲಿ ತಲುಪಲಾಗದ ಜಾಗದಲ್ಲಿ ಹೆರಿಗೆ, ಜ್ವರ, ಗಾಯ ಎಲ್ಲಕ್ಕೂ ತೀರ್ಮಾನ ತೆಗೆದುಕೊಳ್ಳಬೇಕಾದವರು ಅವರೇ. ನೆರೆಯ ಕೇರಳದಲ್ಲಿ 2018ರ ಮೇ ತಿಂಗಳಲ್ಲಿ ನಿಪಾ ಬಂದಾಗ ಪೆರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ರೋಗಿಯನ್ನು ಆರೈಕೆ ಮಾಡಿ ತಾವೇ ತೀರಿಕೊಂಡರು. ಅವರು ಆರೈಕೆ ಮಾಡುವಾಗ ಆ ಜ್ವರಕ್ಕೆ ಹೆಸರೇ ಇರಲಿಲ್ಲ. ರೋಗ ಯಾವುದೆಂದು ಪ್ರಯೋಗಾಲಯ ಹೇಳುವ ಮೊದಲೇ ಅದರ ಎದುರು ನಿಲ್ಲುವವರು ನರ್ಸ್‌ಗಳು.

ಇಷ್ಟೆಲ್ಲ ಬರೆದ ಮೇಲೆ 'ನರ್ಸ್‌ಗಳು ಬಿಳಿ ಉಡುಪಿನ ದೇವತೆಗಳು' ಎಂದು ಮುಗಿಸಿದರೆ ಅಕ್ಕ ಈ ಪತ್ರಿಕೆಯನ್ನು ಮಡಚಿ ಇಟ್ಟುಬಿಡುತ್ತಾಳೆ. ಅವಳಿಗೆ ಆ ಮಾತು ಕೇಳಿದರೇ ಸಿಟ್ಟು. "ದೇವತೆಗೆ ಸಂಬಳ ಕೊಡಬೇಕಿಲ್ಲ, ರಜೆ ಕೊಡಬೇಕಿಲ್ಲ, ಅದಕ್ಕೇ ಹಾಗೆ ಕರೆಯುತ್ತಾರೆ" ಎನ್ನುತ್ತಾಳೆ. ಅವಳ ಮೊದಲ ಕೆಲಸ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವಳಿಗೆ ತಿಂಗಳಿಗೆ 12,000 ರೂಪಾಯಿ. ಎರಡು ವರ್ಷದ ಬಾಂಡ್. ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯೇ ಇಟ್ಟುಕೊಂಡಿತ್ತು. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಾಗ ಅಂಕಪಟ್ಟಿಗೆ ಉಪ್ಪ ಮೂರು ಸಲ ಹೋಗಿ ಬಾಗಿಲಲ್ಲಿ ಕುಳಿತು ಬಂದರು. ಸ್ವಂತ ಅಂಕಪಟ್ಟಿ ಕೇಳಲು ಕೈಮುಗಿದು ನಿಲ್ಲಬೇಕಾದವಳಿಗೆ ಸಬಲೀಕರಣದ ಭಾಷಣ ಹೇಗೆ ಕೇಳಿಸೀತು?

ಇದು ನಮ್ಮ ಮನೆಯ ದೂರು ಮಾತ್ರ ಅಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿ ಇದ್ದರೆ ಸಾಲದು ಎಂದು ಕೇರಳದ ನರ್ಸ್‌ಗಳು 2017ರಲ್ಲಿ ಬೀದಿಗಿಳಿದರು. ಕೊನೆಗೆ ಸರಕಾರ ಮಾತುಕತೆಗೆ ಕರೆದು 20,000 ರೂಪಾಯಿ ಮೂಲ ಸಂಬಳಕ್ಕೆ ಒಪ್ಪಿತು. ಯಾರೋ ಕರುಣೆಯಿಂದ ಕೊಟ್ಟದ್ದಲ್ಲ ಅದು, ಅವರು ಒಟ್ಟಾಗಿ ಕೇಳಿ ಪಡೆದದ್ದು.

ವಿಶ್ವ ಆರೋಗ್ಯ ಸಂಸ್ಥೆ 2020ನ್ನು ನರ್ಸ್ ಮತ್ತು ಸೂಲಗಿತ್ತಿಯರ ವರ್ಷ ಎಂದು ಆಚರಿಸಿತು, ಅದು ನೈಟಿಂಗೇಲ್ ಹುಟ್ಟಿದ 200ನೇ ವರ್ಷ. ಆ ವರ್ಷದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 2.8 ಕೋಟಿ ನರ್ಸ್‌ಗಳಿದ್ದರು, ಇನ್ನೂ 59 ಲಕ್ಷ ನರ್ಸ್‌ಗಳ ಕೊರತೆ ಇತ್ತು. ನರ್ಸ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಆದರೆ ಆರೋಗ್ಯ ಕ್ಷೇತ್ರದ ಮೇಲಿನ ಹುದ್ದೆಗಳಲ್ಲಿ ಮಹಿಳೆಯರಿಗೆ ಸಿಕ್ಕಿರುವುದು ಕಾಲು ಭಾಗ ಮಾತ್ರ. ಕೆಲಸ ಮಾಡುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ಅದೇ ವರ್ಷ ಕೊರೋನಾ ಬಂತು. ನಾವು ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ಹೊಡೆದೆವು. ಚಪ್ಪಾಳೆ ನಿಂತ ಮೇಲೆ ಹಾಸಿಗೆಗಳ ಸಂಖ್ಯೆಗೆ ತಕ್ಕಷ್ಟು ನರ್ಸ್ ಇದ್ದಾರಾ ಎಂದು ಎಷ್ಟು ಮಂದಿ ಕೇಳಿದೆವು?

ಈಗ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು, ಕೆಲವರಿಗೆ ಕಹಿಯಾಗಬಹುದು. ಮನೆಯ ಹೆಂಗಸರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾವು ಮೊದಲು ಕೇಳುವುದು ಲೇಡಿ ಡಾಕ್ಟರ್ ಇದ್ದಾರಾ, ಹೆರಿಗೆ ಕೋಣೆಯಲ್ಲಿ ಸಿಸ್ಟರ್ ಮಾತ್ರ ಇರುತ್ತಾರಾ ಎಂದು. ಕೇಳುವುದು ತಪ್ಪಲ್ಲ, ಅದು ರೋಗಿಯ ಹಕ್ಕು. ಆದರೆ ನಮ್ಮದೇ ಮಗಳು ನರ್ಸಿಂಗ್ ಓದುತ್ತೇನೆ ಎಂದರೆ ರಾತ್ರಿ ಡ್ಯೂಟಿ, ಯೂನಿಫಾರ್ಮ್, ಮದುವೆ ಸಂಬಂಧ ಎಂದು ಹತ್ತು ತಡೆ ಹಾಕುತ್ತೇವೆ. ಅಕ್ಕನಿಗೆ ಬಂದ ಎರಡು ಸಂಬಂಧಗಳು 'ಹುಡುಗಿ ಒಳ್ಳೆಯವಳು, ಆದರೆ ನೈಟ್ ಡ್ಯೂಟಿ' ಎಂದು ಹಿಂದೆ ಹೋದವು. ಅದರಲ್ಲಿ ಒಂದು ಮನೆಯ ಹಿರಿಯರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದಾಗ ರಾತ್ರಿಯಿಡೀ ನೋಡಿಕೊಂಡವರೂ ಯಾರದೋ ಮನೆಯ ಹೆಣ್ಣುಮಗಳೇ ಅಲ್ಲವೇ? ನಮಗೆ ನರ್ಸ್ ಬೇಕು, ಆದರೆ ಬೇರೆಯವರ ಮನೆಯಿಂದ ಬೇಕು ಎನ್ನುವುದು ನ್ಯಾಯವಲ್ಲ.

ಎದುರು ಮಾತುಗಳೂ ಇವೆ. ಗುರಿ ದೊಡ್ಡದಿರಬೇಕು, ಡಾಕ್ಟರ್ ಆಗುವ ಶಕ್ತಿ ಇರುವವರು ಯಾಕೆ ನರ್ಸ್ ಆಗಬೇಕು ಎಂದು ನನ್ನ ಮೆಚ್ಚಿನ ಉಪನ್ಯಾಸಕರೊಬ್ಬರು ಕೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮಂಥ ಮನೆಗಳಿಂದ ಡಾಕ್ಟರ್‌ಗಳೂ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನರ್ಸ್ ಎಂದರೆ ಅರ್ಧ ದಾರಿಯಲ್ಲಿ ನಿಂತ ಡಾಕ್ಟರ್ ಅಲ್ಲ. ಅದು ಬೇರೆಯೇ ದಾರಿ. ಬಿಎಸ್ಸಿ ಆದ ಮೇಲೆ ಎಂಎಸ್ಸಿ, ಪಿಎಚ್‌ಡಿ ಇದೆ, ಬೋಧನೆ ಇದೆ, ಆಡಳಿತ ಇದೆ. ಆಯುಷ್ಮಾನ್ ಭಾರತ್ ಅಡಿಯಲ್ಲಿ ಉಪಕೇಂದ್ರಗಳಿಗೆ ನೇಮಕವಾಗುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಿಎಸ್ಸಿ ನರ್ಸಿಂಗ್ ಓದಿದವರಿದ್ದಾರೆ. ಹಳ್ಳಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರನ್ನು ಮೊದಲು ಪತ್ತೆ ಮಾಡುವುದು ಅವರ ಕೆಲಸ. ದೇಶದ ನರ್ಸಿಂಗ್ ಶಿಕ್ಷಣದ ನಿಯಮಗಳನ್ನು ಸುಧಾರಿಸಲು 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನೂ ತಂದಿದೆ.

ಅಕ್ಕ ಇನ್ನೊಂದು ಎಚ್ಚರಿಕೆ ಹೇಳುತ್ತಾಳೆ, ಅದನ್ನೂ ಬರೆಯುತ್ತೇನೆ. ಗಲ್ಫ್ ವೀಸಾ ಸಿಗುತ್ತದೆ ಎಂಬ ಒಂದೇ ಆಸೆಗೆ ಈ ಕೆಲಸಕ್ಕೆ ಬರಬೇಡಿ ಎನ್ನುತ್ತಾಳೆ. ಹೊರದೇಶಕ್ಕೆ ಹೋಗುವುದು ತಪ್ಪಲ್ಲ. ಆದರೆ ರೋಗಿಯ ಮಲಮೂತ್ರ ತೆಗೆಯಲು ಅಸಹ್ಯವಾದರೆ, ಸಾವನ್ನು ಹತ್ತಿರದಿಂದ ನೋಡಲು ಆಗದಿದ್ದರೆ ಯಾವ ದೇಶದಲ್ಲೂ ಈ ಕೆಲಸ ಮಾಡಲಾಗುವುದಿಲ್ಲ. ಕಾಲೇಜು ಆರಿಸುವಾಗ ಅದಕ್ಕೆ ಮಾನ್ಯತೆ ಇದೆಯೇ, ಕಲಿಯಲು ನಿಜವಾಗಿ ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ನೋಡಿ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿ ಯಾರ ಕೈಗೂ ಒಪ್ಪಿಸಬೇಡಿ. ಸಹಿ ಹಾಕುವ ಮುನ್ನ ಕಾಗದವನ್ನು ಎರಡು ಸಲ ಓದಿ. ಇದು ಅನುಭವದ ಮಾತು.

ನಮ್ಮ ಕಾಲೇಜಿನಲ್ಲಿ ಏನು ಮಾಡಬಹುದು? ದೊಡ್ಡ ಯೋಜನೆಗಳು ಬೇಡ, ಮೂರು ಸಣ್ಣ ಬೇಡಿಕೆಗಳಿವೆ. ಮೊದಲನೆಯದು, ಮುಂದಿನ ವೃತ್ತಿ ಮಾರ್ಗದರ್ಶನ ಶಿಬಿರಕ್ಕೆ ಒಬ್ಬ ನರ್ಸ್‌ನ್ನೂ ಕರೆಯಿರಿ. ಬೇರೆಯವರು ಅವರ ಬಗ್ಗೆ ಹೇಳುವುದು ಬೇಡ, ಅವರೇ ಮಾತನಾಡಲಿ. ಎರಡನೆಯದು, ಎಲ್ಲ ವಿಭಾಗದ ಮಕ್ಕಳಿಗೂ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ ಕೊಡಿಸಿ. ಹತ್ತಿರದ ಆಸ್ಪತ್ರೆಯ ನರ್ಸ್‌ಗಳೇ ಕಲಿಸಲಿ. ಕಲಿಸುವವರನ್ನು ಗೌರವಿಸುವುದು ನಮಗೆ ಗೊತ್ತು. ಒಂದು ಸಲ ಅವರಿಂದ ಕಲಿತವರು ಮತ್ತೆ ಅವರ ಬಗ್ಗೆ ನಗಲಾರರು. ಮೂರನೆಯದು, ನೋಟಿಸ್ ಬೋರ್ಡಿನ ಕೋರ್ಸುಗಳ ಪಟ್ಟಿಯಲ್ಲಿ ನರ್ಸಿಂಗ್ ಬಗ್ಗೆ ಸರಿಯಾದ ಮಾಹಿತಿ ಹಾಕಿ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಮೂರು ವರ್ಷದ ಜಿಎನ್‌ಎಂ ಕೋರ್ಸಿಗೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಇದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಹುಡುಗರಿಗೂ ಒಂದು ಮಾತು. ಇದು ಹೆಣ್ಣುಮಕ್ಕಳ ಕೆಲಸ ಎಂದು ಪುಟ ತಿರುಗಿಸಬೇಡಿ. ಅಜ್ಜಿಯ ವಾರ್ಡಿನ ಪಕ್ಕ ಗಂಡಸರ ವಾರ್ಡಿನಲ್ಲಿ ಒಬ್ಬ ಬ್ರದರ್ ಇದ್ದರು. ಒಬ್ಬ ಮುದುಕರಿಗೆ ಅವರು ಗಡ್ಡ ಬಾಚಿ, ವುಳೂಗೆ ನೀರು ಹಿಡಿದು, ಮಂಚದಲ್ಲೇ ನಮಾಝಿಗೆ ಕೂರಿಸುವುದನ್ನು ನಾನು ಬಾಗಿಲಿನಿಂದ ನೋಡಿದೆ. ಆ ಬ್ರದರ್ ಬೇರೆ ಧರ್ಮದವರು. ಆ ಮುದುಕರ ಮುಖದಲ್ಲಿದ್ದ ನೆಮ್ಮದಿಯನ್ನು ಯಾವ ಮಾತ್ರೆಯೂ ಕೊಡಲಾರದು. ಅಂಥ ಕೆಲಸಕ್ಕೆ ಗಂಡಸುತನ ಕಡಿಮೆಯಾಗುತ್ತದೆ ಎನ್ನುವವರು ಒಂದು ರಾತ್ರಿ ಆ ವಾರ್ಡಿನಲ್ಲಿ ನಿಂತು ನೋಡಲಿ.

ಈ ಲೇಖನ ಬರೆಯುವ ಮುನ್ನ ಅಕ್ಕನಿಗೆ ನವೆಂಬರ್‌ನ ಆ ನಗುವಿನ ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಾ, "ಪಿಯುಸಿಯಲ್ಲಿ ನಮ್ಮ ಕ್ಲಾಸಿನಲ್ಲೂ ಹೀಗೇ ಹೇಳಿದ್ದರು, ನಾನೂ ನಕ್ಕಿದ್ದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ನಗಬೇಡ, ಅಷ್ಟೇ" ಎಂದಳು.

ನಾನು ನೀಟ್ ಬರೆಯುತ್ತೇನೆ. ಉಪ್ಪ ಕೋಚಿಂಗಿಗೆ ಕಟ್ಟಿದ ಹಣದ ಋಣ ಅದು, ಪ್ರಾಮಾಣಿಕವಾಗಿಯೇ ಬರೆಯುತ್ತೇನೆ. ಆದರೆ ನನ್ನ ಪಟ್ಟಿಯಲ್ಲಿ ನರ್ಸಿಂಗ್ ಈಗ ಕೊನೆಯ ಸಾಲಿನಲ್ಲಿಲ್ಲ. ಕಳೆದ ವಾರ ಉಪ್ಪನಿಗೆ ಅದನ್ನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಂಕಪಟ್ಟಿಗಾಗಿ ಕುಳಿತದ್ದು ಅವರಿಗೆ ನೆನಪಾಗಿರಬೇಕು. ಆಮೇಲೆ ಅಜ್ಜಿಯ ಕೋಣೆಯ ಕಡೆ ನೋಡಿ, "ಮೊದಲು ಪರೀಕ್ಷೆ ಮುಗಿಯಲಿ" ಎಂದರು. ಬೇಡ ಎನ್ನಲಿಲ್ಲ. ಸದ್ಯಕ್ಕೆ ನನಗೆ ಅಷ್ಟು ಸಾಕು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ